ಬೆಂಜಮಿನ್ ಫ್ರಾಂಕ್ಲಿನ್ನನ ಆಹಾರವ್ರತ

ಆಕಾಶದ ಮಿಂಚು ವಿದ್ಯುತ್ತೇ ಎಂಬುದನ್ನು ಲೋಕಕ್ಕೆ ಮನಗಾಣಿಸಿದವನೆಂದೂ, ಅಮೆರಿಕದ ಸ್ವಾತಂತ್ರ್ಯಪತ್ರಕ್ಕೆ ಸಹಿ ಹಾಕಿದ ಮಹನೀಯರಲ್ಲಿ ಒಬ್ಬನೆಂದೂ ಬೆಂಜಮಿನ್ ಫ್ರಾಂಕ್ಲಿನ್ನನ ಹೆಸರು ಪ್ರಸಿದ್ಧವಾಗಿದೆ. ಆದರೆ ಆತನು ಹದಿನಾರನೆಯ ವಯಸ್ಸಿನ ಹೊತ್ತಿಗೆ ಮಾಂಸವನ್ನು ತೊರೆದಿದ್ದನೆಂಬುದೂ, ಆ ನಿಯಮವು ಒಂದು ದಿನ ಹಡಗಿನ ಮೇಲೆ ಮುರಿದು ಬಿದ್ದ ಬಗೆಯನ್ನು ಮುಪ್ಪಿನಲ್ಲಿ ತಾನೇ ಮುಚ್ಚುಮರೆಯಿಲ್ಲದೆ ಬರೆದಿಟ್ಟನೆಂಬುದೂ ಅಷ್ಟಾಗಿ ತಿಳಿದ ವಿಷಯವಲ್ಲ. ವ್ರತ ಹಿಡಿದು ಗೆದ್ದವರ ಚರಿತ್ರೆಗಳು ಲೋಕದಲ್ಲಿ ಬೇಕಾದಷ್ಟಿವೆ. ಹಿಡಿದ ವ್ರತದಲ್ಲಿ ಸೋತವನು ತಾನು ಸೋತ ಪರಿಯನ್ನು ಎಳೆಎಳೆಯಾಗಿ ಬಿಡಿಸಿ ಹೇಳಿದ ಚರಿತ್ರೆಗಳು ವಿರಳ. ಹೊಸದಾಗಿ ಮಾಂಸವನ್ನು ಬಿಟ್ಟು, ಬಿಟ್ಟುದರ ನೆನಪಿನಿಂದಲೇ ಬಾಧೆಪಡುವವರಿಗೆ ಮೊದಲನೆಯವುಗಳಿಗಿಂತ ಇಂತಹವೇ ಹೆಚ್ಚು ಒದಗಿಬರುವಂತೆ ತೋರುತ್ತದೆ.

ಫ್ರಾಂಕ್ಲಿನ್ನನು 1706ನೆಯ ಇಸವಿ ಜನವರಿ 17ರಂದು ಬಾಸ್ಟನ್ ನಗರದಲ್ಲಿ ಜನಿಸಿದನು. ತಂದೆ ಜೋಸೈಯನಿಗೆ ಮೊದಲ ಹೆಂಡತಿಯಲ್ಲಿಯೂ, ಆಕೆ ತೀರಿಕೊಂಡ ಮೇಲೆ ಕೈಹಿಡಿದವಳಲ್ಲಿಯೂ ಒಟ್ಟು ಹದಿನೇಳು ಮಕ್ಕಳು. ಗಂಡುಮಕ್ಕಳಲ್ಲಿ ಬೆಂಜಮಿನ್ನನೇ ಕಡೆಯವನು. ಪ್ರಾಣಿಗಳ ಕೊಬ್ಬನ್ನು ಕಾಯಿಸಿ ದೀಪದ ಬತ್ತಿಗಳನ್ನೂ ಸಾಬೂನನ್ನೂ ಮಾಡುವುದು ಆ ಮನೆಯ ಕಸುಬಾಗಿತ್ತು. ಹತ್ತು ವರ್ಷದ ಹುಡುಗನು ಬತ್ತಿಗೆ ನೂಲು ಕತ್ತರಿಸುತ್ತ, ಅಚ್ಚುಗಳಿಗೆ ಕರಗಿದ ಕೊಬ್ಬನ್ನು ತುಂಬುತ್ತ, ಅಂಗಡಿಯನ್ನು ಕಾಯುತ್ತ ಕೆಲಕಾಲ ಕಳೆದನು. ಅವನಿಗೆ ಆ ಕೆಲಸ ಹಿಡಿಸಲಿಲ್ಲ. ಸಮುದ್ರದ ಮೇಲೆ ಹೋಗಬೇಕೆಂಬುದು ಅವನ ಹಂಬಲ.

ಆ ಮನೆಯ ಊಟದ ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಜೋಸೈಯನು ಊಟದ ವೇಳೆಗೆ ತಿಳಿವಳಿಕೆಯುಳ್ಳ ನೆರೆಯವರನ್ನೋ ಗೆಳೆಯರನ್ನೋ ಕರೆತಂದು, ಮಕ್ಕಳ ಬುದ್ಧಿ ಬೆಳೆಯುವಂತಹ ಮಾತೊಂದನ್ನು ಎತ್ತುತ್ತಿದ್ದನು. ಮಾತು ನಡೆದಿರುವಾಗ ಬಡಿಸಿದ ಅಡುಗೆ ಚೆನ್ನಾಗಿದೆಯೆ, ಕೆಟ್ಟಿದೆಯೆ, ಋತುವಿಗೆ ತಕ್ಕುದೆ, ಅಲ್ಲವೆ ಎಂಬ ಚರ್ಚೆಗೆ ಎಡೆಯೇ ಇರುತ್ತಿರಲಿಲ್ಲ. ಇದರಿಂದ ಬೆಂಜಮಿನ್ನನಿಗೆ ಆಹಾರದ ವಿಷಯದಲ್ಲಿ ಎಂತಹ ಉದಾಸೀನತೆ ಬಂದಿತೆಂದರೆ, ಊಟವಾದ ಕೆಲವು ಗಂಟೆಗಳ ಮೇಲೆ ತಾನು ಏನು ಉಂಡೆನೆಂಬುದು ಅವನಿಗೆ ನೆನಪಿರುತ್ತಿರಲಿಲ್ಲ. ಮುಂದೆ ದೇಶದೇಶಗಳಲ್ಲಿ ತಿರುಗಾಡುವಾಗ ಸಹಪ್ರಯಾಣಿಕರು ರುಚಿಯಾದ ಅಡುಗೆ ದೊರೆಯದೆ ಸಂಕಟಪಡುತ್ತಿದ್ದರೆ ಈತನು ಸುಖವಾಗಿದ್ದನು. ನಾಲಗೆಯನ್ನು ಪಳಗಿಸುವುದಕ್ಕೆ ಉಪವಾಸಕ್ಕಿಂತಲೂ ಇದು ಮೃದುವಾದ ಉಪಾಯವೆಂದು ಹೇಳಬಹುದು. ಆದರೆ ಇಂತಹ ಹುಡುಗನಿಗೂ ಒಂದು ಪದಾರ್ಥದ ಮೇಲೆ ಮಾತ್ರ ತೀರದ ಆಸೆ ಇತ್ತು. ಕಡಲ ದಂಡೆಯ ಊರಿನಲ್ಲಿ ಹುಟ್ಟಿದ ಅವನಿಗೆ ಮೀನೆಂದರೆ ಬಹು ಪ್ರೀತಿ.

1718ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ತಂದೆಯು ಅವನನ್ನು ಅಣ್ಣನಾದ ಜೇಮ್ಸನ ಅಚ್ಚುಕೂಟದಲ್ಲಿ ಕೆಲಸ ಕಲಿಯಲು ಕರಾರು ಬರೆಸಿ ಬಿಟ್ಟನು. ಅಣ್ಣನು ಇನ್ನೂ ಮದುವೆಯಾಗಿರಲಿಲ್ಲವಾಗಿ, ಅವನೂ ಕೆಲಸ ಕಲಿಯುವ ಹುಡುಗರೂ ಬೇರೊಂದು ಕುಟುಂಬದಲ್ಲಿ ಹಣ ಕೊಟ್ಟು ಊಟಮಾಡುತ್ತಿದ್ದರು. ಹಗಲೆಲ್ಲ ಅಚ್ಚುಮೊಳೆ ಜೋಡಿಸುವುದು, ರಾತ್ರಿಯೆಲ್ಲ ಎರವಲು ತಂದ ಪುಸ್ತಕ ಓದುವುದು. ಹೀಗಿರುವಾಗ ಹದಿನಾರನೆಯ ವಯಸ್ಸಿನ ಸುಮಾರಿಗೆ ಟ್ರೈಯನ್ ಎಂಬಾತನ ಪುಸ್ತಕವೊಂದು ಅವನ ಕೈಗೆ ಬಂದಿತು.

ಥಾಮಸ್ ಟ್ರೈಯನ್ನನು (1634–1703) ಇಂಗ್ಲೆಂಡಿನವನು. ಬಾಲ್ಯದಲ್ಲಿ ಕುರಿ ಕಾಯ್ದು, ಬಳಿಕ ಲಂಡನ್ನಿನಲ್ಲಿ ಟೋಪಿ ಮಾಡುವ ಕಸುಬು ಕಲಿತು, ಮಾಂಸಾಹಾರವನ್ನು ತ್ಯಜಿಸಿ, ಆ ವಿಷಯವಾಗಿ ಹಲವು ಗ್ರಂಥಗಳನ್ನು ಬರೆದನು. ಪ್ರಾಣಿಹಿಂಸೆ ಮಾಡದ ಭಾರತೀಯರ ಬಾಳನ್ನು ಕುರಿತು ಅವನಿಗೆ ದೊಡ್ಡ ಗೌರವವಿದ್ದಿತು; ಭಾರತದ ಬ್ರಾಹ್ಮಣನೊಬ್ಬನಿಗೂ ಫ್ರಾನ್ಸಿನ ಗೃಹಸ್ಥನೊಬ್ಬನಿಗೂ ನಡೆದಂತೆ ಒಂದು ಸಂವಾದವನ್ನು ಕಲ್ಪಿಸಿ 1683ರಲ್ಲಿ ಪ್ರಕಟಿಸಿದನು. ಮರುವರ್ಷ ಹೊರಬಂದ ಮತ್ತೊಂದು ಗ್ರಂಥದಲ್ಲಿ, ವೆಸ್ಟ್ ಇಂಡೀಸಿನ ತೋಟಗಳ ಒಡೆಯರು ಆಫ್ರಿಕದ ಗುಲಾಮರನ್ನು ನಡೆಸಿಕೊಳ್ಳುತ್ತಿದ್ದ ಕ್ರೌರ್ಯವನ್ನು ಖಂಡಿಸಿದನು. ಮೂಕಪ್ರಾಣಿಯ ಮೇಲಿನ ಹಿಂಸೆಯೂ ಮನುಷ್ಯನ ಮೇಲಿನ ಹಿಂಸೆಯೂ ಅವನ ದೃಷ್ಟಿಯಲ್ಲಿ ಒಂದೇ ಬೇರಿನ ಎರಡು ಕವಲುಗಳಾಗಿದ್ದವು. ಬಾಸ್ಟನ್ನಿನ ಹುಡುಗನಿಗೆ ಆಗ ಹಿಡಿಸಿದ್ದು ಮೊದಲನೆಯದು ಮಾತ್ರ.

ಬೆಂಜಮಿನ್ನನು ಮಾಂಸವನ್ನು ಬಿಟ್ಟನು. ಒಬ್ಬನು ಬಿಟ್ಟುದು ಮಿಕ್ಕವರಿಗೆ ತೊಡಕಾಯಿತು. ಊಟ ಹಾಕುವ ಮನೆಯಲ್ಲಿ ಇವನೊಬ್ಬನ ಪಥ್ಯಕ್ಕೆ ಬೇರೆ ಏರ್ಪಾಡು ಬೇಕಾಗಿ, ಇವನ ವಿಚಿತ್ರ ನಡತೆಗಾಗಿ ಎಲ್ಲರೂ ಆಗಾಗ ಬೈಯುತ್ತಿದ್ದರು. ಇಂತಹ ಸಮಯದಲ್ಲಿ ಅನೇಕರು ಒಂದೋ ವಾದಕ್ಕೆ ನಿಲ್ಲುತ್ತಾರೆ, ಇಲ್ಲವೆ ನಾಚಿ ನಿಯಮವನ್ನು ಬಿಟ್ಟುಕೊಡುತ್ತಾರೆ. ಹುಡುಗನು ಎರಡನ್ನೂ ಮಾಡಲಿಲ್ಲ. ಟ್ರೈಯನ್ನನ ಪುಸ್ತಕದಲ್ಲಿ ಹೇಳಿದ್ದ ಕೆಲವು ಅಡುಗೆಗಳನ್ನು ತಾನೇ ಕಲಿತನು: ಆಲೂಗಡ್ಡೆ ಬೇಯಿಸುವುದು, ಅನ್ನ ಮಾಡುವುದು, ಹಿಟ್ಟನ್ನು ಕುದಿಸಿ ಗಟ್ಟಿಯಾಗಿ ತಿರುವುವುದು. ಅನಂತರ ಅಣ್ಣನ ಬಳಿಗೆ ಹೋಗಿ, ತನ್ನ ಊಟಕ್ಕಾಗಿ ವಾರವಾರವೂ ಕೊಡುವ ಹಣದಲ್ಲಿ ಅರ್ಧವನ್ನು ತನ್ನ ಕೈಗೆ ಕೊಟ್ಟರೆ ತನ್ನ ಊಟವನ್ನು ತಾನೇ ನೋಡಿಕೊಳ್ಳುವೆನೆಂದು ಕೇಳಿಕೊಂಡನು. ಜೇಮ್ಸನು ಜಿಪುಣನೋ ಅಲ್ಲವೋ, ಈ ಮಾತಿಗಂತೂ ತಕ್ಷಣ ಒಪ್ಪಿದನು. ಆ ಅರ್ಧದಲ್ಲಿಯೂ ಅರ್ಧ ಉಳಿಯಿತು. ಉಳಿದುದೆಲ್ಲ ಪುಸ್ತಕವಾಯಿತು.

ಮಧ್ಯಾಹ್ನ ಅಣ್ಣನೂ ಉಳಿದವರೂ ಊಟಕ್ಕೆ ಹೊರಟುಹೋದ ಮೇಲೆ ಅಚ್ಚುಕೂಟದಲ್ಲಿ ಬೆಂಜಮಿನ್ನನೊಬ್ಬನೇ ಉಳಿಯುತ್ತಿದ್ದನು. ಒಂದು ಬಿಸ್ಕತ್ತೋ ರೊಟ್ಟಿಯ ತುಂಡೋ, ಒಂದು ಹಿಡಿ ಒಣದ್ರಾಕ್ಷಿಯೋ ಅಂಗಡಿಯ ಒಂದು ಸಿಹಿ ತಿಂಡಿಯೋ, ಒಂದು ಲೋಟ ನೀರು. ಇಷ್ಟೇ ಅವನ ಊಟ. ಅದು ನಿಮಿಷದಲ್ಲಿ ಮುಗಿಯುತ್ತಿತ್ತು. ಅವರು ಹಿಂದಿರುಗುವವರೆಗಿನ ವೇಳೆಯೆಲ್ಲ ಓದಿಗೆ ಮೀಸಲು. ಶಾಲೆಯಲ್ಲಿ ಎರಡು ಸಲ ಸೋತಿದ್ದ ಲೆಕ್ಕವನ್ನು ಕಾಕರನ ಅಂಕಗಣಿತದ ಪುಸ್ತಕದಿಂದ ಸುಲಭವಾಗಿ ಕಲಿತುದು ಈ ಕಾಲದಲ್ಲಿಯೇ. ಲಾಕ್ ಎಂಬ ತತ್ತ್ವಜ್ಞನ ಗ್ರಂಥವನ್ನೂ, ಸಾಕ್ರೆಟೀಸನನ್ನು ಕುರಿತು ಕ್ಸೆನೊಫನ್ನನು ಬರೆದುದನ್ನೂ ಓದಿದುದು ಈ ಕಾಲದಲ್ಲಿಯೇ. ಹಗುರವಾದ ಊಟದಿಂದ ತಲೆ ತಿಳಿಯಾಗಿ, ವಿಷಯವು ಬೇಗ ಮನಸ್ಸಿಗೆ ಹತ್ತುತ್ತಿತ್ತೆಂದು ಆತನೇ ಹೇಳಿಕೊಂಡಿದ್ದಾನೆ.

ಮಾಂಸದ ಬಯಕೆಯು ಆ ದಿನಗಳಲ್ಲಿ ಅವನನ್ನು ಕಾಡಿದುದಾಗಿ ಎಲ್ಲಿಯೂ ಬರೆದಿಲ್ಲ. ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಬಿಟ್ಟ ಆಹಾರದ ಜಾಗದಲ್ಲಿ ಅವನು ಬರಿಯ ಹಸಿವನ್ನು ಇಟ್ಟುಕೊಂಡಿರಲಿಲ್ಲ. ಅದಕ್ಕಿಂತ ಹೆಚ್ಚು ಪ್ರಿಯವಾದ ಪುಸ್ತಕವನ್ನು ಇಟ್ಟುಕೊಂಡಿದ್ದನು. ಪ್ರತಿ ಊಟವೂ ಅವನಿಗೆ ಲಾಭವಾಗಿತ್ತು. ಇನ್ನೊಂದು ಕಾರಣವೂ ಉಂಟು, ಅದನ್ನು ಅವನು ಆಗ ಗಮನಿಸಲಿಲ್ಲ. ನಿರ್ಜನವಾದ ಆ ಅಚ್ಚುಕೂಟದಲ್ಲಿ ಮಸಿಯ ವಾಸನೆಯಲ್ಲದೆ ಬೇರೆ ವಾಸನೆ ಇರಲಿಲ್ಲ.

ಅಣ್ಣತಮ್ಮಂದಿರಿಗೆ ಕೂಡಿಬರಲಿಲ್ಲ. ಜೇಮ್ಸನು ಕೋಪಿಷ್ಠ, ಹೊಡೆಯುತ್ತಿದ್ದನು. ತಮ್ಮನು ಮಾತಿಗೆ ಮಾತು ಬೆಳೆಸುತ್ತಿದ್ದನು. 1723ರಲ್ಲಿ ಹದಿನೇಳು ವರ್ಷದ ಬೆಂಜಮಿನ್ನನು ಕರಾರನ್ನು ಮುರಿದು, ಪ್ರಯಾಣದ ವೆಚ್ಚಕ್ಕಾಗಿ ತನ್ನ ಪುಸ್ತಕಗಳಲ್ಲಿ ಕೆಲವನ್ನು ಮಾರಿ, ಗುಟ್ಟಾಗಿ ನ್ಯೂಯಾರ್ಕಿನ ಹಡಗನ್ನು ಹತ್ತಿದನು. ಆ ಪುಸ್ತಕಗಳಲ್ಲಿ ಊಟದಿಂದ ಉಳಿಸಿದ ಹಣಕ್ಕೆ ಕೊಂಡವೂ ಇದ್ದಿರಬೇಕು. ವ್ರತವು ಕೂಡಿಸಿಕೊಟ್ಟ ಹಣವೇ ಅವನನ್ನು ವ್ರತಭಂಗದ ಸ್ಥಳಕ್ಕೆ ಸಾಗಿಸಿತೆಂದರೆ ಅತಿಶಯವಾಗಲಾರದು.

ಬಾಸ್ಟನ್ನಿನಿಂದ ಹೊರಟ ಆ ಮೊದಲನೆಯ ಯಾನದಲ್ಲಿ, ಬ್ಲಾಕ್ ಎಂಬ ದ್ವೀಪದ ಬಳಿ ಗಾಳಿ ಬಿದ್ದುಹೋಗಿ ಹಡಗು ನಿಂತಿತು. ಹೊತ್ತು ಹೋಗದ ಜನರು ಗಾಳಗಳನ್ನು ಇಳಿಬಿಟ್ಟು ಕಾಡ್ ಎಂಬ ಮೀನನ್ನು ಹಿಡಿಯತೊಡಗಿದರು. ಒಂದರಮೇಲೊಂದಾಗಿ ದೊಡ್ಡ ದೊಡ್ಡ ಮೀನುಗಳು ಮೇಲಕ್ಕೆ ಬಂದವು. ಫ್ರಾಂಕ್ಲಿನ್ನನು ಅಂದಿನವರೆಗೂ ತನ್ನ ನಿಯಮದಲ್ಲಿ ಕದಲದೆ ಇದ್ದನು. ಒಂದೊಂದು ಮೀನನ್ನು ಹಿಡಿಯುವುದೂ ಕಾರಣವಿಲ್ಲದ ಕೊಲೆ, ಏಕೆಂದರೆ ಆ ಪ್ರಾಣಿಯು ನಮಗೆ ಕೊಲ್ಲತಕ್ಕಂತಹ ಕೇಡನ್ನು ಮಾಡಿಲ್ಲ, ಮಾಡಲಾರದು ಕೂಡ ಎಂದು ತನ್ನ ಗುರು ಟ್ರೈಯನ್ನನ ಮಾತನ್ನು ಮನಸ್ಸಿನಲ್ಲಿಯೇ ಆವರ್ತನ ಮಾಡುತ್ತ ನಿಂತಿದ್ದನು. ಆ ವಾದದಲ್ಲಿ ಅವನಿಗೆ ಒಂದು ಬಿರುಕೂ ಕಾಣಲಿಲ್ಲ.

ಅಷ್ಟರಲ್ಲಿ ಮೀನು ಬಾಣಲೆಗೆ ಬಿದ್ದಿತು. ಬಿಸಿಬಿಸಿಯಾಗಿ ಮೇಲೆದ್ದ ಕಂಪು ಹಡಗನ್ನೆಲ್ಲ ತುಂಬಿತು. ಹಿಂದೆ ಬಹುವಾಗಿ ಪ್ರೀತಿಸಿದ್ದ ವಸ್ತು; ಮಾರು ದೂರದಲ್ಲಿ ಹುರಿಯುತ್ತಿದೆ; ತಿನ್ನಬೇಡವೆನ್ನುವವರು ಅಲ್ಲಿ ಯಾರೂ ಇಲ್ಲ. ತತ್ತ್ವ ಒಂದು ಕಡೆ, ಆಸೆ ಇನ್ನೊಂದು ಕಡೆ, ಕೆಲಹೊತ್ತು ಅವನ ಮನಸ್ಸು ತೂಗುಯ್ಯಾಲೆಯಾಯಿತು. ಆಗ ಒಂದು ಸಂಗತಿ ನೆನಪಿಗೆ ಬಂದಿತು. ಆ ಮೀನುಗಳನ್ನು ಸೀಳಿದಾಗ ಅವುಗಳ ಹೊಟ್ಟೆಯಿಂದ ಚಿಕ್ಕ ಮೀನುಗಳು ಹೊರಬಂದುದನ್ನು ಅವನು ನೋಡಿದ್ದನು. ತಮ್ಮ ಜಾತಿಯನ್ನೇ ನುಂಗುವ ಪ್ರಾಣಿಗಳನ್ನು ಮನುಷ್ಯನು ತಿಂದರೆ ತಪ್ಪೇನೆಂದು ಬುದ್ಧಿಯು ಕೇಳಿತು. ಬುದ್ಧಿಯ ಈ ತೀರ್ಪು ಹೊರಬಿದ್ದೊಡನೆ ಫ್ರಾಂಕ್ಲಿನ್ನನು ಕುಳಿತು ತೃಪ್ತಿಯಾಗಿ ಮೀನೂಟ ಮಾಡಿದನು. ಅಂದಿನಿಂದ ಎಲ್ಲರಂತೆ ಉಣ್ಣತೊಡಗಿ, ಆಗೊಮ್ಮೆ ಈಗೊಮ್ಮೆ ಮಾತ್ರ ಶಾಕಾಹಾರಕ್ಕೆ ಮರಳುತ್ತಿದ್ದನು.

ಇಲ್ಲಿಗೆ ನಿಂತಿದ್ದರೆ ಇದು ಸಾಮಾನ್ಯವಾದ ಕಥೆ. ಇದರ ಬೆಲೆ ಇರುವುದು ಅದನ್ನು ಹೇಳಿದ ರೀತಿಯಲ್ಲಿ. ಫ್ರಾಂಕ್ಲಿನ್ನನು ಆತ್ಮಚರಿತ್ರೆಯನ್ನು ಬರೆಯತೊಡಗಿದುದು 1771ರಲ್ಲಿ, ಅರವತ್ತೈದನೆಯ ವಯಸ್ಸಿನಲ್ಲಿ. ಅಷ್ಟು ಹೊತ್ತಿಗೆ ಯುರೋಪಿನ ಪಂಡಿತಮಂಡಲಿಯೆಲ್ಲ ಅವನನ್ನು ಗೌರವಿಸುತ್ತಿತ್ತು. ಮೀನಿನ ಹೊಟ್ಟೆಯ ಯುಕ್ತಿಯನ್ನು ಸಿದ್ಧಾಂತವೆಂದು ಮೆರೆಸಿದ್ದರೆ ಕೇಳುವವರಿರಲಿಲ್ಲ. ಆತನು ಹಾಗೆ ಮಾಡದೆ, ಮನುಷ್ಯನಿಗೆ ವಿವೇಚನಾಶಕ್ತಿ ಇರುವುದು ಎಷ್ಟು ಅನುಕೂಲ, ಮಾಡಬೇಕೆನಿಸಿದ್ದಕ್ಕೆಲ್ಲ ಅದು ಒಂದು ಕಾರಣವನ್ನು ಹುಡುಕಿಕೊಡುತ್ತದೆ ಎಂಬರ್ಥದಲ್ಲಿ ತನ್ನನ್ನೇ ನೋಡಿ ನಕ್ಕನು. ಮೀನು ಮೀನನ್ನು ತಿನ್ನುತ್ತದೆಂಬುದು ಕಡಲ ದಂಡೆಯ ಹುಡುಗನಿಗೆ ಅಂದೇ ತಿಳಿದ ಹೊಸ ವಿಷಯವಾಗಿರಲಾರದು. ಟ್ರೈಯನ್ನನನ್ನು ಓದುವಾಗಲೂ, ಒಂದು ವರ್ಷದ ಕಾಲ ಒಣರೊಟ್ಟಿ ತಿನ್ನುವಾಗಲೂ ಹೊಳೆಯದಿದ್ದ ಆ ವಿಚಾರವು ಬಾಣಲೆಯ ಕಂಪು ಮೂಗಿಗೆ ಬಡಿದ ಮೇಲೆಯೇ ಹೊಳೆಯಿತು. ಆಸೆಯು ಬುದ್ಧಿಯೊಡನೆ ಹೋರಾಡಿ ಗೆಲ್ಲಲಿಲ್ಲ. ಬುದ್ಧಿಯನ್ನು ವಕೀಲನನ್ನಾಗಿ ನೇಮಿಸಿಕೊಂಡು ಗೆದ್ದಿತು. ಪ್ರಾಣಿಯನ್ನು ಕೊಲ್ಲಲಾಗದೆಂಬ ಕರುಣೆಯು ಹೃದಯದಲ್ಲಿ ನೆಲೆಗೊಳ್ಳದೆ ಪುಸ್ತಕದ ತರ್ಕವಾಗಿಯೇ ಉಳಿದಿದ್ದರಿಂದ, ಅದಕ್ಕೆ ಎದುರಾಗಿ ಇನ್ನೊಂದು ತರ್ಕ ಸಾಕಾಯಿತು.

ನ್ಯೂಯಾರ್ಕಿನಲ್ಲಿ ಕೆಲಸ ದೊರೆಯದೆ ಫ್ರಾಂಕ್ಲಿನ್ನನು ಫಿಲಡೆಲ್ಫಿಯಕ್ಕೆ ಬಂದು, ಸ್ಯಾಮ್ಯುಯೆಲ್ ಕೀಮರ್ ಎಂಬವನ ಅಚ್ಚುಕೂಟವನ್ನು ಸೇರಿದನು. ಕೀಮರನು ವಿಚಿತ್ರ ಮನುಷ್ಯ. ಹಳೆಯ ಧರ್ಮಶಾಸ್ತ್ರವನ್ನು ಹಿಡಿದು ಗಡ್ಡವನ್ನು ಉದ್ದವಾಗಿ ಬಿಟ್ಟಿದ್ದನು, ಶನಿವಾರವನ್ನು ಪವಿತ್ರದಿನವೆಂದು ಆಚರಿಸುತ್ತಿದ್ದನು, ಹೊಸದೊಂದು ಪಂಥವನ್ನು ಸ್ಥಾಪಿಸಬೇಕೆಂದಿದ್ದನು. ಅದಕ್ಕೆ ಫ್ರಾಂಕ್ಲಿನ್ನನನ್ನೂ ಜೊತೆಗೆ ಕರೆದಾಗ ಈತನು, ಪಂಥದ ನಿಯಮಗಳಲ್ಲಿ ಮಾಂಸತ್ಯಾಗವೂ ಸೇರುವುದಾದರೆ ಒಪ್ಪುವೆನೆಂದನು. ಕೀಮರನು ಭಾರಿ ಊಟಗಾರ. ತನ್ನ ಶರೀರವು ಅದನ್ನು ತಾಳದೆಂದು ಅಳುಕಿದನು. ತಾಳುವುದಲ್ಲದೆ ಇನ್ನೂ ಚೆನ್ನಾಗಿಯೇ ಇರುವುದೆಂದು ಫ್ರಾಂಕ್ಲಿನ್ನನು ಒಡಂಬಡಿಸಿದನು. ಇದರಲ್ಲಿ ಅವನಿಗಿದ್ದುದು ಧರ್ಮಬುದ್ಧಿಯಲ್ಲ, ಹೊಟ್ಟೆಬಾಕನನ್ನು ಪೇಚಿಗೆ ಸಿಲುಕಿಸುವ ಚೇಷ್ಟೆ.

ನೆರೆಯ ಹೆಂಗಸೊಬ್ಬಳು ಅಡುಗೆ ಮಾಡಿ ತಂದುಕೊಡುವಂತೆ ಏರ್ಪಾಡಾಯಿತು. ಮೀನು ಮಾಂಸ ಕೋಳಿಗಳ ಸೋಂಕಿಲ್ಲದ ನಲವತ್ತು ಬಗೆಯ ಅಡುಗೆಗಳ ಪಟ್ಟಿಯನ್ನು ಫ್ರಾಂಕ್ಲಿನ್ನನು ಆಕೆಗೆ ಬರೆದುಕೊಟ್ಟನು. ವಾರಕ್ಕೆ ಒಬ್ಬನಿಗೆ ಹದಿನೆಂಟು ಪೆನ್ನಿಗಿಂತ ಹೆಚ್ಚು ತಗಲುತ್ತಿರಲಿಲ್ಲ. ಮೂರು ತಿಂಗಳು ಹೀಗೆ ನಡೆಯಿತು. ಒಬ್ಬನು ನಗುನಗುತ್ತ ಉಂಡನು. ಇನ್ನೊಬ್ಬನು ದಿನದಿನಕ್ಕೆ ಸೊರಗಿದನು. ಇಸ್ರೇಲಿನ ಜನರು ದಾಸ್ಯದಿಂದ ಬಿಡುಗಡೆ ಹೊಂದಿ ಮರಳುಗಾಡಿನಲ್ಲಿ ನಡೆಯುವಾಗ, ಬಿಟ್ಟುಬಂದ ಈಜಿಪ್ಟಿನ ಮಾಂಸದ ಗಡಿಗೆಗಳನ್ನು ನೆನೆದು ಗೋಳಾಡಿದರೆಂದು ಬೈಬಲ್ಲಿನಲ್ಲಿ ಕಥೆಯಿದೆ. ಕೀಮರನ ಪಾಡು ಅದೇ ಆಯಿತು. ಕಡೆಗೊಂದು ದಿನ ಅವನು ಇಡಿಯ ಹಂದಿಯೊಂದನ್ನು ಸುಡಿಸಲು ಹೇಳಿ, ಫ್ರಾಂಕ್ಲಿನ್ನನನ್ನೂ ಇಬ್ಬರು ಸ್ನೇಹಿತೆಯರನ್ನೂ ಊಟಕ್ಕೆ ಕರೆದನು. ಅಡುಗೆ ಹೊತ್ತಿಗೆ ಮುಂಚೆಯೇ ಮೇಜಿಗೆ ಬಂದಿತು. ಅತಿಥಿಗಳು ಬರುವಷ್ಟರಲ್ಲಿ ಕೀಮರನು ಅದನ್ನು ಒಬ್ಬನೇ ತಿಂದು ಮುಗಿಸಿದ್ದನು.

ಈ ಪ್ರಸಂಗವನ್ನು ಓದಿದವರು ಕೀಮರನನ್ನು ನೋಡಿ ನಗುತ್ತಾರೆ. ಫ್ರಾಂಕ್ಲಿನ್ನನೂ ನಕ್ಕಿದ್ದಾನೆ. ಆದರೆ ನಗುವುದಕ್ಕೆ ಮುಂಚೆ ಹಡಗಿನ ಬಾಣಲೆಯನ್ನು ನೆನೆಯುವುದು ನ್ಯಾಯ. ಇಬ್ಬರೂ ಬಿದ್ದುದು ಪದಾರ್ಥವು ಕಣ್ಣಮುಂದೆ ಬಂದ ಗಳಿಗೆಯಲ್ಲಿ. ಒಬ್ಬನಿಗೆ ಒಳ್ಳೆಯ ಕಾರಣ ಸಿಕ್ಕಿತು, ಇನ್ನೊಬ್ಬನು ಕಾರಣವನ್ನು ಹುಡುಕುವ ಗೋಜಿಗೇ ಹೋಗಲಿಲ್ಲ, ಅಷ್ಟೇ ಅಂತರ. ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಬದಲಾಯಿಸಬೇಕೆಂಬ ಮಾತಿನಲ್ಲಿ ಹುರುಳಿಲ್ಲ, ತಾನು ಹಲವು ಬಾರಿ ಒಮ್ಮೆಗೇ ಬಿಟ್ಟು ಒಮ್ಮೆಗೇ ಹಿಡಿದಿದ್ದೇನೆ, ಯಾವ ತೊಂದರೆಯೂ ಆಗಲಿಲ್ಲ ಎಂದು ಫ್ರಾಂಕ್ಲಿನ್ನನು ಇದೇ ಸಂದರ್ಭದಲ್ಲಿ ಬರೆಯುತ್ತಾನೆ. ಉಂಡುದನ್ನು ಮರೆಯುವ ಅಭ್ಯಾಸದ ಮನೆಯಲ್ಲಿ ಬೆಳೆದವನಿಗೆ ಅದು ನಿಜ. ಉಣ್ಣುವುದೇ ಸುಖವಾಗಿದ್ದ ಕೀಮರನ ವಿಷಯದಲ್ಲಿ ಅದು ನಿಜವಾಗಲಿಲ್ಲವೆಂಬುದಕ್ಕೆ ಅದೇ ಪುಟವೇ ಸಾಕ್ಷಿ.

1724ರ ಕೊನೆಯಲ್ಲಿ ಫ್ರಾಂಕ್ಲಿನ್ನನು ಲಂಡನ್ನಿಗೆ ಹೋಗಿ ಸುಮಾರು ಒಂದೂವರೆ ವರ್ಷ ಅಲ್ಲಿಯ ಅಚ್ಚುಕೂಟಗಳಲ್ಲಿ ದುಡಿದನು. ವಾಟ್ಸ್ ಎಂಬವನ ಅಚ್ಚುಕೂಟದಲ್ಲಿ ಐವತ್ತು ಮಂದಿಯಷ್ಟು ಕೆಲಸಗಾರರು. ಎಲ್ಲರೂ ಬಿಯರು ಕುಡಿಯುವುದರಲ್ಲಿ ನಿಸ್ಸೀಮರು. ಅವನ ಜೊತೆಗಾರನು ಬೆಳಗಿನಿಂದ ಸಂಜೆಯವರೆಗೆ ದಿನಕ್ಕೆ ಆರು ಪಿಂಟ್ ಕುಡಿಯುತ್ತಿದ್ದನು. ಬಲವಾದ ಕೆಲಸಕ್ಕೆ ಬಲವಾದ ಪಾನವು ಬೇಕೆಂಬುದು ಅವನ ನಂಬಿಕೆ. ನೀರನ್ನೇ ಕುಡಿಯುತ್ತಿದ್ದ ಫ್ರಾಂಕ್ಲಿನ್ನನು ಉಳಿದವರು ಎರಡು ಕೈಗಳಿಂದ ಒಂದನ್ನು ಹೊರುವ ಅಚ್ಚುಮೊಳೆಗಳ ಚೌಕಟ್ಟನ್ನು ಒಂದೊಂದು ಕೈಯಲ್ಲಿ ಒಂದೊಂದರಂತೆ ಹಿಡಿದು ಮಹಡಿ ಹತ್ತಿ ಇಳಿಯುತ್ತಿದ್ದನು. ಒಂದು ಪೆನ್ನಿಯ ರೊಟ್ಟಿಯಲ್ಲಿ ಒಂದು ಪಾತ್ರೆ ಬಿಯರಿಗಿಂತ ಹೆಚ್ಚು ಹಿಟ್ಟಿದೆಯೆಂದು ಲೆಕ್ಕಹಾಕಿ ತೋರಿಸಿದನು. ವಾದದಿಂದ ಒಲಿದವರು ಕಡಿಮೆ. ಬಿಯರಿನ ಬೆಲೆಗೇ ನೆರೆಮನೆಯಿಂದ ಬಿಸಿ ಗಂಜಿಯನ್ನು, ಮೆಣಸಿನ ಪುಡಿ, ರೊಟ್ಟಿಯ ಚೂರು, ತುಸು ಬೆಣ್ಣೆ ಹಾಕಿ ತರಿಸಿದಾಗ ಮಾತ್ರ ಹಲವರು ಬೆಳಗಿನ ಕುಡಿತವನ್ನು ಬಿಟ್ಟರು. ತೆಗೆದುಕೊಂಡ ಬಟ್ಟಲಿನ ಜಾಗದಲ್ಲಿ ಇನ್ನೊಂದು ಬಟ್ಟಲನ್ನು, ಅದೂ ಬಿಸಿಯಾಗಿ ರುಚಿಯಾಗಿ ಇರುವುದನ್ನು ಇಡಬೇಕೆಂಬುದನ್ನು ಆತನು ಅಷ್ಟು ಹೊತ್ತಿಗೆ ಅರಿತಿದ್ದನು.

ಅವನು ಬಾಡಿಗೆಗೆ ಇದ್ದ ಮನೆಯ ಅಟ್ಟದ ಕೋಣೆಯಲ್ಲಿ ಎಪ್ಪತ್ತು ವರ್ಷದ ಅವಿವಾಹಿತ ವೃದ್ಧೆಯೊಬ್ಬಳು ಒಂಟಿಯಾಗಿ ವಾಸಮಾಡುತ್ತಿದ್ದಳು. ಕೆಥೊಲಿಕ್ ಮತದವಳಾದ ಆಕೆಯು ಹರೆಯದಲ್ಲಿ ಸಂನ್ಯಾಸಿನಿಯಾಗಬೇಕೆಂದು ಹೊರದೇಶದ ಮಠಕ್ಕೆ ಹೋಗಿ, ಅಲ್ಲಿಯ ಹವೆ ಒಗ್ಗದೆ ಹಿಂದಿರುಗಿದ್ದಳು. ಇಂಗ್ಲೆಂಡಿನಲ್ಲಿ ಅಂತಹ ಮಠಗಳಿರಲಿಲ್ಲ. ಮಠವಿಲ್ಲದಿದ್ದರೇನು, ಇರುವಲ್ಲಿಯೇ ಆ ಬಾಳನ್ನು ಬಾಳುವೆನೆಂದು ಸಂಕಲ್ಪ ಮಾಡಿದಳು. ಆಸ್ತಿಯನ್ನೆಲ್ಲ ದಾನಕ್ಕೆ ಬಿಟ್ಟುಕೊಟ್ಟು ವರ್ಷಕ್ಕೆ ಹನ್ನೆರಡು ಪೌಂಡನ್ನು ಮಾತ್ರ ಇರಿಸಿಕೊಂಡು, ಅದರಲ್ಲಿಯೂ ಬಹುಭಾಗವನ್ನು ಬಡವರಿಗೆ ಹಂಚುತ್ತಿದ್ದಳು. ನೀರುಗಂಜಿಯೊಂದೇ ಆಹಾರ, ಅದನ್ನು ಕಾಯಿಸುವುದಕ್ಕಲ್ಲದೆ ಬೇರೆಯದಕ್ಕೆ ಬೆಂಕಿಯನ್ನೇ ಹೊತ್ತಿಸುತ್ತಿರಲಿಲ್ಲ. ಕೆಳಮನೆಯ ಕೆಥೊಲಿಕ್ ಬಾಡಿಗೆದಾರರು ಆಕೆ ಇರುವುದೇ ಮನೆಗೆ ಪುಣ್ಯವೆಂದು ಬಾಡಿಗೆಯನ್ನೂ ಕೇಳುತ್ತಿರಲಿಲ್ಲ.

ಫ್ರಾಂಕ್ಲಿನ್ನನು ಒಮ್ಮೆ ಅಪ್ಪಣೆ ಪಡೆದು ಆಕೆಯನ್ನು ಕಂಡನು. ಕೋಣೆ ಶುಚಿಯಾಗಿತ್ತು. ಒಂದು ಹಾಸಿಗೆ, ಶಿಲುಬೆಯನ್ನೂ ಪುಸ್ತಕವನ್ನೂ ಇಟ್ಟಿದ್ದ ಒಂದು ಮೇಜು, ಅವನಿಗೆ ಕೂರಲು ಕೊಟ್ಟ ಒಂದು ಮಣೆ, ಗೋಡೆಗೆ ಒಂದು ಪಟ, ಬೇರೆ ಸಾಮಾನಿಲ್ಲ. ಮುಖ ಬಿಳಿಚಿಕೊಂಡಿದ್ದರೂ ಆಕೆಗೆ ರೋಗವೆಂಬುದು ಬಂದುದಿಲ್ಲ, ಮಾತಿನಲ್ಲಿ ಗೆಲವಿತ್ತು. ಪಾದ್ರಿಯೊಬ್ಬನು ದಿನವೂ ಬಂದು ಆಕೆಯ ಪಾಪನಿವೇದನೆಯನ್ನು ಕೇಳುತ್ತಿದ್ದನು. ಹೀಗೆ ಬಾಳುವವಳಿಗೆ ನಿವೇದಿಸುವ ಪಾಪವಾದರೂ ದಿನಕ್ಕೊಂದು ಎಲ್ಲಿಂದ ಬಂದೀತೆಂದು ಮನೆಯ ಒಡತಿಯು ಕೇಳಿದುದಕ್ಕೆ ಆಕೆಯು, ವ್ಯರ್ಥವಾದ ಯೋಚನೆಗಳು ಬಾರದಂತೆ ತಡೆಯುವುದು ಯಾರಿಗೂ ಸಾಧ್ಯವಿಲ್ಲವೆಂದು ಉತ್ತರಕೊಟ್ಟಳಂತೆ.

ಫ್ರಾಂಕ್ಲಿನ್ನನು ಈಕೆಯ ವೃತ್ತಾಂತವನ್ನು, ಎಷ್ಟು ಅಲ್ಪ ಹಣದಲ್ಲಿ ಆರೋಗ್ಯವಾಗಿ ಬದುಕಬಹುದೆಂಬುದಕ್ಕೆ ದೃಷ್ಟಾಂತವಾಗಿ ಮಾತ್ರ ಎತ್ತಿಕೊಂಡಿದ್ದಾನೆ. ದೊಡ್ಡ ಬುದ್ಧಿವಂತನು ಚಿಕ್ಕ ಪಾಠವನ್ನು ಕಲಿತನೆಂದು ಹೇಳಬೇಕಾಗಿದೆ. ಆ ಅಟ್ಟದಲ್ಲಿ ಅವನ ಎದುರಿಗೆ ಇದ್ದುದು ಜಿಪುಣತನದ ಲೆಕ್ಕವಲ್ಲ. ಬಯಕೆಯ ಯೋಚನೆ ಬರುವುದನ್ನು ನಿಲ್ಲಿಸಲಾಗದು. ಆದರೆ ಬಂದುದನ್ನು ಮುಚ್ಚಿಡದೆ, ಸಮರ್ಥಿಸಿಕೊಳ್ಳದೆ, ದಿನದಿನವೂ ಇನ್ನೊಬ್ಬರ ಮುಂದೆ ಹೇಳಿ ಹಗುರವಾಗಬಹುದು ಎಂಬ ಬದುಕು ಅಲ್ಲಿತ್ತು. ಹಡಗಿನ ಮೇಲೆ ಅವನಿಗೆ ಇಲ್ಲದೆಹೋದುದು ಇದೇ.

1726ರಲ್ಲಿ ಫಿಲಡೆಲ್ಫಿಯಕ್ಕೆ ಮರಳಿ, ಕೆಲವು ವರ್ಷಗಳಲ್ಲಿ ಸ್ವಂತ ಅಚ್ಚುಕೂಟದ ಒಡೆಯನಾದ ಮೇಲೆ, ಫ್ರಾಂಕ್ಲಿನ್ನನು ಹದಿಮೂರು ಸದ್ಗುಣಗಳನ್ನು ಆರಿಸಿಕೊಂಡು ಅವುಗಳ ಸಾಧನೆಗೆ ತೊಡಗಿದನು. ಊಟ ಪಾನಗಳಲ್ಲಿ ಮಿತಿಯೇ ಮೊದಲನೆಯದು. ತಲೆ ತಿಳಿಯಾಗಿದ್ದರಲ್ಲವೆ ಉಳಿದವುಗಳ ಕಾವಲು ಸಾಧ್ಯ? ಆದರೆ ಏನನ್ನು ತಿನ್ನಬೇಕು, ಏನನ್ನು ತಿನ್ನಬಾರದು ಎಂಬ ಮಾತು ಆ ಪಟ್ಟಿಯಲ್ಲಿ ಇಲ್ಲ. ಚಿಕ್ಕ ಪುಸ್ತಕವೊಂದರಲ್ಲಿ ಕೆಂಪು ಗೆರೆಗಳ ಮನೆಗಳನ್ನು ಎಳೆದು, ವಾರಕ್ಕೊಂದು ಗುಣದಂತೆ ವರ್ಷಕ್ಕೆ ನಾಲ್ಕು ಸುತ್ತು ನಡೆಸಿ, ತಪ್ಪಿದ ದಿನ ಕಪ್ಪು ಚುಕ್ಕೆ ಇಡುತ್ತಿದ್ದನು. ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಕಾಗದವೇ ತೂತುಬಿದ್ದಿತು. ಕೊಡಲಿಯ ಮೈಯೆಲ್ಲ ಅಲಗಿನಂತೆ ಹೊಳೆಯಬೇಕೆಂದು ಬಯಸಿ, ಸಾಣೆಯ ಗಾಲಿಯನ್ನು ತಿರುಗಿಸಿ ಬೇಸತ್ತು, ಚುಕ್ಕೆಯ ಕೊಡಲಿಯೇ ತನಗೆ ಹೆಚ್ಚು ಇಷ್ಟವೆಂದು ಒಯ್ದ ಮನುಷ್ಯನ ಕಥೆಯನ್ನು ಆತನು ತನಗೇ ಅನ್ವಯಿಸಿಕೊಂಡು ಹೇಳುತ್ತಾನೆ.

ನಡುವಯಸ್ಸಿನ ಕೀರ್ತಿಯ ದಿನಗಳಲ್ಲಿ ಟ್ರೈಯನ್ನನ ಶಿಷ್ಯನು ಪೂರ್ತಿ ಮರೆಯಾದನು. ವಿದ್ಯುತ್ತಿನಿಂದ ಕೊಂದ ಟರ್ಕಿ ಕೋಳಿಯ ಮಾಂಸವು ಬಹಳ ಮೃದುವಾಗಿರುತ್ತದೆಂದು ಪ್ರಯೋಗಗಳಿಂದ ಕಂಡುಕೊಂಡನು. 1750ರ ಡಿಸೆಂಬರಿನಲ್ಲಿ ಹೀಗೆ ಒಂದು ಕೋಳಿಯನ್ನು ಕೊಲ್ಲಹೊರಟಾಗ, ಎರಡು ದೊಡ್ಡ ಗಾಜಿನ ಜಾಡಿಗಳಲ್ಲಿ ತುಂಬಿದ್ದ ವಿದ್ಯುತ್ತೆಲ್ಲ ಕೈತಪ್ಪಿ ಅವನ ಮೈಯಲ್ಲಿಯೇ ಹರಿದು, ಪ್ರಜ್ಞೆ ತಪ್ಪಿ, ಹೇಗೋ ಬದುಕಿ ಉಳಿದನು. ಆದರೂ ಹಳೆಯ ಕುತೂಹಲದ ಒಂದು ಕಿಡಿ ಆರಿರಲಿಲ್ಲ: 1770ರಲ್ಲಿ ಲಂಡನ್ನಿನಿಂದ ಸ್ನೇಹಿತನಾದ ಜಾನ್ ಬಾರ್ಟ್ರಮ್ ಎಂಬ ಸಸ್ಯಶಾಸ್ತ್ರಜ್ಞನಿಗೆ ಚೀನದ ಕಾಳನ್ನು ಕಳುಹಿಸಿ, ಅದರಿಂದ ಚೀನೀಯರು ತೋಫು ಎಂಬ ಗಿಣ್ಣನ್ನು ಮಾಡುವ ವಿಷಯವನ್ನು ಬರೆದನು. ಫ್ರಾನ್ಸಿನಲ್ಲಿ ರಾಯಭಾರಿಯಾಗಿದ್ದಾಗ ಸಂಧಿವಾತವು ಹಿಡಿಯಿತು. 1780ರ ಅಕ್ಟೋಬರಿನಲ್ಲಿ ಆ ರೋಗಕ್ಕೂ ತನಗೂ ನಡೆದಂತೆ ಒಂದು ಸಂವಾದವನ್ನು ಬರೆದು, ಬೆಣ್ಣೆ ಹಚ್ಚಿದ ರೊಟ್ಟಿಯ ಮೇಲೆ ಒಣಮಾಂಸದ ಚೂರುಗಳನ್ನಿಟ್ಟು ತಿನ್ನುವ ತನ್ನ ಬೆಳಗಿನ ಉಪಾಹಾರವನ್ನೂ, ಊಟವಾದ ಮೇಲೆ ನಡೆಯದೆ ಚದುರಂಗಕ್ಕೆ ಕೂರುವುದನ್ನೂ ರೋಗದ ಬಾಯಿಂದಲೇ ಹಳಿಸಿಕೊಂಡನು. ತನ್ನ ತಪ್ಪನ್ನು ಕಾಣುವ ಕಣ್ಣು ಕಡೆಯವರೆಗೂ ಮಂಜಾಗಲಿಲ್ಲ. ಕಂಡುದನ್ನು ಕೈಬಿಡುವ ಬಲ ಮಾತ್ರ ಹಾಗೆ ಬೆಳೆಯಲಿಲ್ಲ.

ಟ್ರೈಯನ್ನನ ಎರಡನೆಯ ಪಾಠವು ಅವನನ್ನು ಮುಟ್ಟುವುದಕ್ಕೆ ಇನ್ನೂ ತಡವಾಯಿತು. ಬೆಂಜಮಿನ್ ಲೇ ಎಂಬ ಗೂನುಬೆನ್ನಿನ ಕ್ವೇಕರ್ ಭಕ್ತನು ಫಿಲಡೆಲ್ಫಿಯದ ಹತ್ತಿರ ಗುಹೆಯಂತಹ ಮನೆಯಲ್ಲಿದ್ದನು. ಮಾಂಸ ಮುಟ್ಟುತ್ತಿರಲಿಲ್ಲ, ಗುಲಾಮರ ದುಡಿಮೆಯಿಂದ ಬಂದ ಸಕ್ಕರೆಯನ್ನೂ ಮುಟ್ಟುತ್ತಿರಲಿಲ್ಲ. ಗುಲಾಮಗಿರಿಯನ್ನು ಖಂಡಿಸಿ ಅವನು ಬರೆದ ಗ್ರಂಥವನ್ನು 1737ರಲ್ಲಿ ಅಚ್ಚುಮಾಡಿಕೊಟ್ಟವನು ಫ್ರಾಂಕ್ಲಿನ್ನನೇ, ಆದರೆ ಮುದ್ರಕನ ಹೆಸರು ಅದರಲ್ಲಿಲ್ಲ. ಆ ಮುದ್ರಕನು ತಾನೇ ಗುಲಾಮರನ್ನು ಇಟ್ಟುಕೊಂಡಿದ್ದನು. ಗುಲಾಮರ ಮಾರಾಟದ ಜಾಹೀರಾತುಗಳನ್ನು ತನ್ನ ಪತ್ರಿಕೆಯಲ್ಲಿ ಅಚ್ಚುಹಾಕುತ್ತಿದ್ದನು. ಅದಕ್ಕೂ ಬುದ್ಧಿಯು ಆಗ ಒಂದು ಕಾರಣವನ್ನು ಒದಗಿಸಿರಲೇಬೇಕು.

ಎಂಬತ್ತು ದಾಟಿದ ಮೇಲೆ ಆತನು ತಿರುಗಿನಿಂತನು. 1787ರಲ್ಲಿ ಪೆನ್ಸಿಲ್ವೇನಿಯದ ಗುಲಾಮಗಿರಿ ನಿರ್ಮೂಲನ ಸಂಘದ ಅಧ್ಯಕ್ಷನಾಗಿ, 1790ರ ಫೆಬ್ರುವರಿಯಲ್ಲಿ ಆ ಸಂಘದ ಪರವಾಗಿ ಕಾಂಗ್ರೆಸ್ಸಿಗೆ ಮನವಿಪತ್ರ ಕಳುಹಿಸಿದನು. ಸದಸ್ಯನೊಬ್ಬನು ಗುಲಾಮಗಿರಿಯನ್ನು ಎತ್ತಿಹಿಡಿದು ಭಾಷಣ ಮಾಡಿದನು. ಹಾಸಿಗೆ ಹಿಡಿದಿದ್ದ ಫ್ರಾಂಕ್ಲಿನ್ನನು ಮಾರ್ಚಿ ತಿಂಗಳಲ್ಲಿ ಒಂದು ವಿಡಂಬನೆಯನ್ನು ಬರೆದನು. ಅದರಲ್ಲಿ ಆಲ್ಜಿಯರ್ಸಿನ ಅಧಿಕಾರಿಯೊಬ್ಬನು, ಸೆರೆಹಿಡಿದ ಕ್ರೈಸ್ತರನ್ನು ಗುಲಾಮರನ್ನಾಗಿ ಇಟ್ಟುಕೊಳ್ಳುವುದು ಏಕೆ ನ್ಯಾಯವೆಂಬುದನ್ನು ಅದೇ ಸದಸ್ಯನ ಕಾರಣಗಳನ್ನೇ ಒಂದೊಂದಾಗಿ ಕೊಟ್ಟು ಸಮರ್ಥಿಸುತ್ತಾನೆ: ಇವರಿಲ್ಲದೆ ಹೊಲ ಉಳುವವರು ಯಾರು, ಬಿಟ್ಟರೆ ಇವರ ಗತಿಯೇನು, ನಮ್ಮ ಬಳಿ ಇವರು ಸುಖವಾಗಿಯೇ ಇದ್ದಾರಲ್ಲವೆ ಎಂದು. ಮನಸ್ಸು ಬಯಸಿದುದಕ್ಕೆ ಬುದ್ಧಿಯು ಹೇಗೆ ಕಾರಣ ಹೊಂದಿಸುತ್ತದೆಂಬುದನ್ನು ಹದಿನೇಳನೆಯ ವಯಸ್ಸಿನಲ್ಲಿ ಬಾಣಲೆಯ ಪಕ್ಕದಲ್ಲಿ ನಿಂತು ಕಲಿತಿದ್ದವನಿಗೆ ಆ ಭಾಷಣವನ್ನು ರಚಿಸುವುದು ಕಷ್ಟವಾಗಿರಲಿಕ್ಕಿಲ್ಲ. ಅದು ಪ್ರಕಟವಾಗಿ ತಿಂಗಳು ತುಂಬುವುದರೊಳಗೆ, ಏಪ್ರಿಲ್ 17ರಂದು, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಆತನು ದೇಹಬಿಟ್ಟನು. ಆತ್ಮಚರಿತ್ರೆಯು ಮುಗಿಯದೆ ಉಳಿಯಿತು. ಕಡೆಯ ವರ್ಷಗಳಲ್ಲಿಯೂ ಅದನ್ನು ತಿದ್ದುತ್ತಿದ್ದನು. ಬ್ಲಾಕ್ ದ್ವೀಪದ ಮೀನಿನ ಪ್ರಸಂಗವನ್ನು ಮಾತ್ರ ಹೊಡೆದುಹಾಕಲಿಲ್ಲ.